ಹೊಗೆ ಹಿಡಿದ ಮೇಷ್ಟ್ರು

ಗುಡ್ಡದ ಕುಂಟೆಯಲ್ಲಿ ಜಿಂಕೆ ನೀರು ಕುಡಿಯುವುದನ್ನು ನೋಡಿದೆ ಎಂದು ಬೈರಕೂರಿನ ನಂದಕುಮಾರ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಮೇಕೆ ಇರ್ಬೇಕು ಸಾರ್," ಎಂದರು ಹೆಡ್ ಮೇಷ್ಟ್ರು. ಅಂದಿನಿಂದ ಊರಿಗೆಲ್ಲ ಅವರು ಮೇಕೆ ಮೇಷ್ಟ್ರು.

ಫೋಟೋ ತೆಗೆದು ಎಲ್ಲರ ಮುಖಕ್ಕೆ ಹಿಡಿಯೋಣವೆಂದು ಮೂರು ಭಾನುವಾರ ಗುಡ್ಡ ಹತ್ತಿದರು. ಮೊಬೈಲಿಗೆ ಸಿಕ್ಕಿದ್ದು ಬರೀ ಪೊದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ, ಒಂದು ಕಾಲಕ್ಕೆ ಬೇಟೆಗಾರನಾಗಿದ್ದ ಪಕ್ಕದ ಮನೆಯ ಪೆದ್ದಪ್ಪ ಗುಟ್ಟು ಬಿಟ್ಟುಕೊಟ್ಟ. "ನಿಮ್ ಸೋಪು, ಪೌಡ್ರು ವಾಸ್ನೆ ಮುಳಬಾಗ್ಲುಗಂಟ ಹೊಡೀತದೆ ಸಾಮಿ. ಸೌದೆ ಹೊಗೆ ಹಿಡಿಸ್ಕಳಿ. ಜಿಂಕೆ ಬೇಟೆಗೆ ನಾವು ಹಂಗೇ ಹೋಗ್ತಿದ್ದಿದ್ದು."

ಮೇಷ್ಟ್ರು ಹಿತ್ತಲಲ್ಲಿ ಹಸಿ ಹೊಂಗೆ ಸೌದೆಗೆ ಬೆಂಕಿ ಹಾಕಿ, ಕಂಬಳಿ ಹೊದ್ದು ಹೊಗೆಯೊಳಗೆ ಕೂತರು. ಬೇಲಿಯಾಚೆ ದೊಡ್ಡಗಂಗಮ್ಮ ಇಣುಕಿದರು. "ಅಯ್ಯಯ್ಯೋ, ಮೇಷ್ಟ್ರು ಹತ್ಕೊಂಡವ್ರೆ, ಬರ್ರಪ್ಪೋ!" ಎಂದು ಕೂಗಿ, ಹಸುವಿಗೆ ಇಟ್ಟಿದ್ದ ಕಲಗಚ್ಚನ್ನು ಬಕೆಟ್ ಎತ್ತಿ ಸುರಿದೇಬಿಟ್ಟರು.

ಹೆಂಡತಿ ಶ್ಯಾಮಲಾ ಗಂಡನ ತಲೆಯಿಂದ ಬದನೆಕಾಯಿ ತೊಟ್ಟು ತೆಗೆಯುತ್ತಾ, "ಜಿಂಕೆ ಕತೆ ಗೊತ್ತಿಲ್ಲ, ನಾನಂತೂ ಇವತ್ತು ನಿಮ್ ಹತ್ರ ಬರಲ್ಲ," ಎಂದಳು.

ಮೇಷ್ಟ್ರು ಸೋಪು ಮುಟ್ಟದೆ ಮೈ ತೊಳೆದು, ಮತ್ತೆ ಹೊಗೆಗೆ ಕೂತು, ಒಣಮೀನಿನಂತೆ ಕಮರಿ ಹೊರಟರು.

ಉಪಾಯ ಫಲಿಸಿತು. ಸಂಜೆ ಐದಕ್ಕೆ ಜಿಂಕೆಯೊಂದು ಬಂದು, ಅವರನ್ನು ಸುಟ್ಟ ಮರದ ಬೊಡ್ಡೆ ಎಂದುಕೊಂಡಿತೋ ಏನೋ, ಭುಜದ ಹತ್ತಿರಕ್ಕೇ ಮೂತಿ ತಂದಿತು. ಮೇಷ್ಟ್ರು ಮೊಬೈಲ್ ಎತ್ತಿ ಕ್ಲಿಕ್ಕಿಸಿದರು. ರೆಪ್ಪೆ ಎಣಿಸಬಹುದಾದಂಥ ಚಿತ್ರ!

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದರು. ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯುವ ವಾಚರ್ ಚನ್ನರಾಯಪ್ಪ ಹೊಗೆಯ ವಾಸನೆ ಹಿಡಿದೇ ಬಂದಿದ್ದ. ಜಿಂಕೆ ಮಾಯ.

"ಕಾಡಿಗೆ ಬೆಂಕಿ ಇಕ್ತೀಯೇನ್ಲಾ?"

"ಇಲ್ಲಪ್ಪ, ನಾನು ಮೇಷ್ಟ್ರು! ಮನುಷ್ಯನ ವಾಸ್ನೆ ಬರ್ದಿರ್ಲಿ ಅಂತ ಹೊಗೆ..."

"ಅದು ಬೇಟೆಗಾರ್ರ ಕೆಲ್ಸ! ಕೋವಿ ಎಲ್ಲಿ?"

ಮೇಷ್ಟ್ರು ಮೊಬೈಲ್ ತೋರಿಸಿದರು. ಚನ್ನರಾಯಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. "ಇದು ಸಾಕ್ಷಿ," ಎಂದು ತನ್ನ ಮೊಬೈಲಿಗೆ ಕಳಿಸಿಕೊಂಡು, ಅವರದ್ದರಿಂದ ಅಳಿಸಿಹಾಕಿದ. ದನಿ ಮೆತ್ತಗಾಯಿತು. "ಕೇಸ್ ಬೇಡ, ಹೋಗಿ ಸಾರ್. ಈ ಕಡೆ ಬಂದಿದ್ದೆ ಅಂತ ಮಾತ್ರ ಯಾರ್ಗೂ ಹೇಳ್ಬೇಡಿ."

ಬದುಕಿದೆಯಾ ಬಡಜೀವವೇ ಎಂದು ಮೇಷ್ಟ್ರು ಮನೆ ಸೇರಿದರೆ, ಶ್ಯಾಮಲಾ ಬಾಗಿಲಲ್ಲೇ ಮೊಬೈಲ್ ಹಿಡಿದು ನಿಂತಿದ್ದಳು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಜಿಂಕೆ. ಕೆಳಗೆ "ಚಿತ್ರ: ಚನ್ನರಾಯಪ್ಪ". ಅದರ ಕೆಳಗೆ ಹೆಡ್ ಮೇಷ್ಟ್ರ ಹತ್ತು ಚಪ್ಪಾಳೆ.

"ನೋಡ್ರೀ," ಎಂದಳು ಮೂಗು ಮುಚ್ಚಿಕೊಂಡು, "ಇವ್ರೇನು ಮೈಗೆಲ್ಲಾ ಹೊಗೆ ಹಾಕ್ಕೊಂಡು ತೆಗೆದ್ರಾ?"