ಹೇಳಿದ್ದನ್ನೇ ಹೇಳುವವರು

ಗಂಡನ ಹಾಸ್ಯಕ್ಕೆ ಹೆಂಡತಿಯಾದವಳು ಮೊದಮೊದಲು ನಗುತ್ತಾಳೆ, ಆಮೇಲೆ ನಕ್ಕಂತೆ ಮಾಡುತ್ತಾಳೆ, ಕೊನೆಗೆ ಪಾಯಸ ತರುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಾಳೆ. ಎಪ್ಪತ್ತರ ದಶಕದ ಹ್ಯೂಸ್ಟನ್ನಿನಲ್ಲಿ ನಾನು ಪಾಯಸದ ಹಂತ ತಲುಪಿದ್ದೆ. ಆಗ ಅಲ್ಲಿ ಕನ್ನಡದವರ ಮನೆಗಳು ಬೆರಳೆಣಿಕೆಯಷ್ಟು. ಯಾರ ಮನೆಗೆ ಊಟಕ್ಕೆ ಹೋದರೂ ಅದೇ ಮುಖಗಳು, ಅದೇ ಹುಳಿ, ಕೊನೆಗೆ ನಮ್ಮ ಯಜಮಾನರ ಅದೇ ಕಥೆ: ನಾನು ಮೈಸೂರಿನಿಂದ ಬಂದ ಹೊಸತರಲ್ಲಿ ಇಬ್ಬರೂ ಆಸ್ಟಿನ್ನಿಗೆಂದು ಹೊರಟು, ದಾರಿ ತಪ್ಪಿ ಡಲ್ಲಾಸ್ ತಲುಪಿದ್ದು.

ಪಕ್ಕದ ಮನೆಯ ಮಿಸೆಸ್ ಲಿನ್ ಕಾಲೇಜಿನಲ್ಲಿ ಹಳೆಯ ಚೀನೀ ಕಥೆಗಳ ಪಾಠ ಮಾಡುತ್ತಿದ್ದರು. ಒಂದು ದಿನ ಹಿತ್ತಿಲ ಬೇಲಿಯ ಹತ್ತಿರ ಅವರೊಡನೆ ಇವರ ಈ ಹಳೇ ಕಥೆಯ ಬಗ್ಗೆ ದೂರಿದೆ. ಅವರು ಒಣಗಿದ ಬಟ್ಟೆ ಮಡಿಸುತ್ತಲೇ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ನಮ್ಮ ಹಳೆಯ ಕಥೆಗಾರರೂ ಹಾಗೇ. ಅವರ ಕಥೆಯಲ್ಲಿ ಒಬ್ಬ ಒಂದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತಾನೆ. ಅದು ಮರೆವಲ್ಲ, ಬೇಕೆಂದೇ ಬರೆದದ್ದು. ಮೊದಲ ಸಲ ಅಂಗಳದ ಮರದಲ್ಲಿ ಹೂವಿರುತ್ತದೆ, ಮುಂದಿನ ಸಲ ಹಣ್ಣು. ಈ ಸಲ ಬೇರೆ ಏನಿದೆ ಅಂತ ನೋಡಬೇಕು."

ಮುಂದಿನ ಭಾನುವಾರ ಮಧ್ಯಾಹ್ನ ಶಾರದಾ ಆಂಟಿಯ ಮನೆಯಲ್ಲಿ ಊಟ. ಇವರು ಶುರುಮಾಡಿದರು. ನಾನು ಏಳದೆ ಕುಳಿತೆ. ಬೋರ್ಡು ನೋಡದೆ ಹೋದದ್ದು, ಡಲ್ಲಾಸಿನ ಗ್ಯಾಸ್ ಸ್ಟೇಷನ್ನಿನವನು ನಕ್ಕದ್ದು, ಎಲ್ಲ ಹಳೆಯದೇ.

"ಅಲ್ಲಪ್ಪಾ, ತಪ್ಪು ದಾರಿ ಅಂತ ಗೊತ್ತಾದ್ಮೇಲೆ ವಾಪಸ್ ತಿರುಗಿಸೋದಲ್ವಾ?" ಎಂದರು ಆಂಟಿ.

"ಅರ್ಧ ದಾರೀಲೇ ಗೊತ್ತಾಯ್ತು ಆಂಟಿ. ಇವಳು ಬಂದಾಗಿನಿಂದ ಅಮ್ಮನ್ನ ನೆನೆಸ್ಕೊಂಡು ಸರಿಯಾಗಿ ನಿದ್ದೇನೇ ಮಾಡಿರ್ಲಿಲ್ಲ. ಅವತ್ತು ಕಾರಲ್ಲಿ ಮಲಗಿಬಿಟ್ಲು. ನಿಲ್ಸಿದ್ರೆ ಎದ್ದುಬಿಡ್ತಾಳೆ ಅಂತ ಹೋಗ್ತಾನೇ ಇದ್ದೆ."

ನಾನು ಅಡುಗೆಮನೆಯಲ್ಲಿದ್ದಾಗ ಈ ಮಾತನ್ನು ಎಷ್ಟು ಸಲ ಹೇಳಿದ್ದರೋ! ಆ ನಿದ್ದೆ ನನಗೆ ನೆನಪಿತ್ತು. ಕೆನ್ನೆಯ ಮೇಲೆ ಕಿಟಕಿಯ ಬಿಸಿಲು, ಕಾರಿನ ಒಂದೇ ಸಮನೆಯ ಗುಂಯ್‌ಗುಡುವಿಕೆ, ಎಲ್ಲೋ ದೂರದಲ್ಲಿ ಅಮ್ಮ ನೀರು ಸೇದುತ್ತಿರುವ ಸದ್ದು. ಎದ್ದವಳೇ ಹ್ಯೂಸ್ಟನ್ ಮುಟ್ಟುವವರೆಗೂ ಇವರನ್ನು ಬೈದಿದ್ದೆ.

ಮನೆಗೆ ಮರಳುವಾಗ ಕೇಳಿದೆ, "ರೀ, ನಾನು ಮಲಗಿದ್ದೆ ಅಂತ ಕಾರು ತಿರುಗಿಸ್ಲಿಲ್ಲ ಅಂದ್ರಲ್ಲ, ನಿಜಾನಾ?"

"ಹೇಳಿ ಹೇಳಿ ನಂಗೇ ಮರ್ತುಹೋಗಿದೆ ಕಣೇ," ಎಂದು ನಕ್ಕರು.

ಪರೀಕ್ಷೆ ಮಾಡಿಯೇ ಬಿಡೋಣವೆಂದು ಸೀಟಿಗೆ ಒರಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ನಮ್ಮ ಬೀದಿ ಬಂದಾಗ ಕಾರು ತಿರುಗುತ್ತದೋ, ನೇರ ಹೋಗುತ್ತದೋ ನೋಡಬೇಕಿತ್ತು. ಏನಾಯಿತೋ ಹೇಳಲಾರೆ. ಬೀದಿ ಬರುವಷ್ಟರಲ್ಲಿ ನನಗೆ ನಿಜವಾಗಿಯೂ ನಿದ್ದೆ ಹತ್ತಿತ್ತು.