ಡಾಕ್ಟರ್ ಪ್ರಹ್ಲಾದ ಕೇಳಿದ ರಕ್ತ

ಗಿರಾಕಿಯ ಗಂಟಲಿನ ಮೇಲೆ ಕತ್ತಿ ಇರುವಾಗ ಕ್ಷೌರದವನನ್ನು ಮಾತನಾಡಿಸಬಾರದು. ಮುಂಬಯಿಯ ದೊಡ್ಡ ಪ್ರಯೋಗಾಲಯದಿಂದ ರಜೆಯ ಮೇಲೆ ಬಂದಿದ್ದ ಡಾಕ್ಟರ್ ಪ್ರಹ್ಲಾದನಿಗೆ ಇಷ್ಟು ಹೊಳೆಯಲಿಲ್ಲ.

“ಲಾಡಸಾಬ್, ನಿಮ್ಮ ರಕ್ತ ಬೇಕಾಗೇದ,” ಎಂದ.

ಕತ್ತಿ ಗಕ್ಕನೆ ನಿಂತಿತು. ಕುರ್ಚಿಯಲ್ಲಿದ್ದ ಗೋಪಾಲ ಮಾಸ್ತರರ ಉಸಿರೂ ನಿಂತಿತು.

“ನಂದ್ಯಾಕ್ರಿ ಸಾಹೇಬ್ರ? ರೋಗ ಇರೋದು ನನ್ನ ತಮ್ಮ ಜಹಾಂಗೀರಗ.”

“ಅದಕ್ಕ ನಿಮ್ದು ಬೇಕು!”

ಮಿದುಳಿನ ನರಕೋಶಗಳು ಸಾಯುತ್ತ ಬಂದು ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಪ್ರಹ್ಲಾದನ ಸಂಶೋಧನೆಯ ವಿಷಯ. ಆ ಕೋಶಗಳನ್ನು ಕಾಪಾಡುವ ಪ್ರೊಟೀನೊಂದು ಕೆಲವರ ರಕ್ತದಲ್ಲಿ ಇದ್ದೇ ಇರಬೇಕೆಂದು ಅವನು ವಾದಿಸುತ್ತಿದ್ದ. ಜೊತೆಗಿನ ವಿಜ್ಞಾನಿಗಳು ನಗುತ್ತಿದ್ದರು. ಈಗ ಹುಟ್ಟೂರು ಲಕ್ಷ್ಮೇಶ್ವರದಲ್ಲೇ ಸಾಕ್ಷಿ ಸಿಕ್ಕಿತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ರೊಟ್ಟಿ. ಪ್ರಹ್ಲಾದ ಮುಂಬಯಿಯಿಂದ ಗುಳಿಗೆ ಕಳಿಸುತ್ತಿದ್ದರೂ ತಮ್ಮನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದು. ಎಪ್ಪತ್ತು ದಾಟಿದ ಅಣ್ಣ ಮಾತ್ರ ಕತ್ತಿ ಹಿಡಿದರೆ ಕೈ ಎಳ್ಳಷ್ಟೂ ಅಲುಗುವುದಿಲ್ಲ.

ಇದನ್ನೆಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಕುರ್ಚಿ ಖಾಲಿ. ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡೇ ಮಾಸ್ತರರು ಬಜಾರದಲ್ಲಿ ಓಡುತ್ತಿದ್ದರು.

“ಲಾಡಸಾಬಗೂ ನಡುಕದ ರೋಗ ಬಂದದಂತ್ರೋ! ಡಾಕ್ಟರ್ ರಕ್ತ ತಪಾಸ ಮಾಡ್ಲಿಕ್ಕೆ ಬಂದಾನ!”

ಖಬರು ಸೋಮೇಶ್ವರ ಗುಡಿ ಮುಟ್ಟುವಾಗ ಲಾಡಸಾಬ ಯಾರದೋ ಕಿವಿ ಗೀರಿದ್ದ. ಬಸ್ ಸ್ಟ್ಯಾಂಡ್ ಮುಟ್ಟುವಾಗ ಆ ಕಿವಿ ಹೊಲಿಗೆಗೆಂದು ಹುಬ್ಬಳ್ಳಿಗೆ ಹೋಗಿತ್ತು. ಮಧ್ಯಾಹ್ನದವರೆಗೆ ಅಂಗಡಿಗೆ ನೊಣ ಬಿಟ್ಟು ಯಾರೂ ಬರಲಿಲ್ಲ. ಲಾಡಸಾಬ ಕತ್ತಿ ಮಡಚಿಟ್ಟು, ರಕ್ತದ ಮಾತಿಗೆ ಕಿವಿಗೊಡದೆ, ತಲೆಯ ಮೇಲೆ ಕೈಹೊತ್ತು ಕೂತ.

ಪ್ರಹ್ಲಾದನ ಸೋದರತ್ತೆ ಭಾಗೀರಥಿಬಾಯಿ ಸೆರಗು ಸಿಕ್ಕಿಸಿಕೊಂಡು ಅಂಗಡಿಯ ಎದುರಿಗೇ ಬಂದರು.

“ಏನೋ ಪ್ರಹ್ಲಾದ, ಒಬ್ಬರ ಅನ್ನಕ್ಕ ಕಲ್ಲು ಹಾಕಿದ್ಯಲ್ಲೋ! ಮಂದಿ ನೋಡೋ ಹಂಗ ನೀನ ಆ ಕುರ್ಚಿ ಮ್ಯಾಲೆ ಕೂಡು.”

“ಅತ್ಯಾ, ನಾ ಮುಂಜಾನೆನೇ ದಾಡಿ ಮಾಡ್ಕೊಂಡೇನಿ.”

“ಮೀಸಿ ಅದಲ್ಲ?”

ಹತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ! ಆದರೆ ಪ್ರೊಟೀನಿನ ಆಸೆ ಅದಕ್ಕಿಂತ ದೊಡ್ಡದಿತ್ತು. ಪ್ರಹ್ಲಾದ ಕಣ್ಣು ಮುಚ್ಚಿ ಕೂತ. ಅಂಗಡಿಯ ಮುಂದೆ ಜನ ಸಂತೆಯಂತೆ ಸೇರಿತು. ಕತ್ತಿ ಮೀಸೆಯನ್ನು ಒಯ್ದಿತು. ಜನ ಒತ್ತಾಯಿಸಿದ್ದಕ್ಕೆ ಕುತ್ತಿಗೆಯ ಮೇಲೂ ಗಂಟಲಿನಿಂದ ಗದ್ದದವರೆಗೆ ಏರಿ ಇಳಿಯಿತು. ಒಂದು ಹನಿ ರಕ್ತವಿಲ್ಲ.

“ಭಲೇ ಲಾಡಸಾಬ!” ಎಂದು ಜನ ಕೂಗಿದರು. ಒಂದು ಕೆನ್ನೆಯ ಮೇಲೆ ನೊರೆ ಒಣಗಿ ಸುಣ್ಣದಂತಾಗಿದ್ದ ಗೋಪಾಲ ಮಾಸ್ತರರೇ ಪಾಳಿಯಲ್ಲಿ ಮೊದಲು ನಿಂತರು.

ಲಾಡಸಾಬ ತಾನೇ ಅಂಗಿಯ ತೋಳು ಮಡಚಿದ. “ತಗೋರಿ ಸಾಹೇಬ್ರ, ಎಷ್ಟು ಬೇಕು ಅಷ್ಟು.”

ರಕ್ತದ ನಳಿಕೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ಪ್ರಹ್ಲಾದ ಬೋಳು ತುಟಿಯಲ್ಲೇ ನಕ್ಕ. ಮುಂಬಯಿಯಲ್ಲಿ ನಕ್ಕಿದ್ದ ವಿಜ್ಞಾನಿಗಳ ಮುಖಗಳು ಕಣ್ಣ ಮುಂದೆ ಸಪ್ಪಗಾದವು.

ಸಂಜೆ ಲಾಡಸಾಬನ ಮನೆಯಲ್ಲಿ ಚಹಾ. ಅವನ ಹೆಂಡತಿ ಮೋತಿಬಿ ಕಪ್ಪು-ಬಶಿ ಕೈಗಿಟ್ಟು, “ಸಾಹೇಬ್ರ, ನೀವು ಜಹಾಂಗೀರಗ ಮುಂಬೈಯಿಂದ ಕಳಸೋ ಗುಳಿಗಿ ಇನ್ನ ಜಾಸ್ತಿ ಕಳಸ್ರಿ. ಇಬ್ಬರಿಗೆ ಸಾಲಂಗಿಲ್ಲ,” ಎಂದಳು.

“ಇಬ್ಬರಿಗೆ? ಯಾರಿಬ್ಬರು?”

ಮೂಲೆಯಲ್ಲಿ ಕೂತಿದ್ದ ಜಹಾಂಗೀರ ನಕ್ಕ. “ಅಣ್ಣನ ಕೈ ನನಗಿಂತ ಮದಲಿಂದ ನಡಗತಾವ್ರಿ. ನಾ ಮನ್ಯಾಗ ಕುಂಡ್ರಾಂವ, ಅಂವ ಕತ್ತಿ ಹಿಡಿಯಾಂವ. ಅದಕ್ಕ ನನ್ನ ಗುಳಿಗಿ ಅಂವಗ ಕೊಡ್ತೀನಿ. ನುಂಗಿದ್ರ ನೋಡ್ರಿ, ಕೈ ಕಲ್ಲಿನಂಗ ನಿಂದರತಾವು!”

ಪ್ರಹ್ಲಾದನಿಗೆ ಹೊಳೆಯಿತು. ಥರ್ಮಾಸಿನಲ್ಲಿ ಇದ್ದದ್ದು ಯಾವ ಪ್ರೊಟೀನೂ ಅಲ್ಲ, ತಾನೇ ಕಳಿಸಿದ ಔಷಧ. “ಲಾಡಸಾಬ್, ಹಂಗಾದ್ರ ಇವತ್ತು ನನಗ ಕ್ಷೌರ ಮಾಡುವಾಗ...”

“ಮುಂಜಾನಿ ನುಂಗಿದ್ದೆರಿ. ಮೀಸಿ ತಗಿಯೂತನಾ ಏನೂ ಫಿಕೀರ ಇರಲಿಲ್ಲ. ಕತ್ತಿ ನಿಮ್ಮ ಗಂಟಲಕ್ಕ ಬಂದಾಗ ಗುಳಿಗೀ ಜೋರು ಕಮ್ಮಿ ಆಗಾಕ ಹತ್ತಿತ್ತು,” ಲಾಡಸಾಬ ಸಮಾಧಾನವಾಗಿ ಹೇಳಿದ. “ಅಲ್ಲಾನ ಹೆಸರು ಹೇಳಿ ಜಲ್ದಿ ಮುಗಿಸಿಬಿಟ್ಟೆ.”

ಪ್ರಹ್ಲಾದನ ಒಂದು ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಇನ್ನೊಂದು ಕೈಯಲ್ಲಿದ್ದ ಕಪ್ಪು-ಬಶಿ ಗಡಗಡ ಸದ್ದು ಮಾಡಿತು.

ಜಹಾಂಗೀರ ಕನಿಕರದಿಂದ ನೋಡಿದ.

“ಭಾಭಿ, ಡಬ್ಬ್ಯಾಗ ಒಂದ ಗುಳಿಗಿ ಉಳದಿದ್ರ ತರ್ರಿ. ಪಾಪ, ಸಾಹೇಬ್ರಿಗೂ ಸುರು ಆತು.”