ಹೊಲಿಗೆಗೆ ಬಿಟ್ಟ ಒಂದಿಂಚು

ಇಷ್ಟಕ್ಕೆಲ್ಲ ಕಾರಣ ಪಕ್ಕದ ಮನೆಯ ಮೇಷ್ಟ್ರ ಪ್ಯಾಂಟು. ಮೊದಲ ಸಲ ಟೈಲರು ಅದರ ಸೊಂಟ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದರು, ಎರಡನೇ ಸಲ ಹಿಡಿದು ಬಿಗಿ ಮಾಡಿಕೊಟ್ಟಿದ್ದರು, ಮೂರನೇ ಸಲ ಮತ್ತೆ ಬಿಚ್ಚಿದ್ದರು. ಇವತ್ತು ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಮೇಷ್ಟ್ರು ಅದನ್ನೇ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು.

"ಒಂಚೂರು ಹಿಡೀಬೇಕಲ್ಲಪ್ಪಾ. ಈಗ ವಾಕಿಂಗ್ ಶುರು ಮಾಡಿದ್ದೀನಿ."

ಟೈಲರಿಗೆ ಪಿತ್ತ ನೆತ್ತಿಗೇರಿತು. ಊರೆಲ್ಲ ರೆಡಿಮೇಡ್ ಕೊಳ್ಳುವ ಕಾಲ. ಅವರ ಬಳಿ ಬರುತ್ತಿದ್ದುದು ಬರೀ ಹಿಡಿಯುವ, ಬಿಚ್ಚುವ, ಉದ್ದ ಕಡಿಮೆ ಮಾಡುವ ಕೆಲಸ. ಹೊಸದೊಂದನ್ನು ಕತ್ತರಿಸಿ ಎಷ್ಟು ವರ್ಷವಾಗಿತ್ತೋ! ಅದಕ್ಕೇ ಅವರು ಹಿತ್ತಲ ಶೆಡ್ಡಿನಲ್ಲಿ ಕಬ್ಬಿಣದ ಹುಚ್ಚು ಹಚ್ಚಿಕೊಂಡಿದ್ದರು. ಕಬ್ಬಿಣ ದಪ್ಪಗಾಗುವುದಿಲ್ಲ, ಸಣ್ಣಗಾಗುವುದಿಲ್ಲ, ವಾಕಿಂಗ್ ಹೋಗುವುದಿಲ್ಲ. ಆದರೆ ಹ್ಯಾಕ್ಸಾ ಬ್ಲೇಡಿನಲ್ಲಿ ತಗಡು ಕೊಯ್ದು ಕೊಯ್ದು ತೋಳು ಬಿದ್ದುಹೋಗಿತ್ತು. ಈಗ ಬೇಕಾಗಿದ್ದುದು ಪ್ಲಾಸ್ಮಾ ಕಟರ್. ಕರೆಂಟನ್ನೂ ಗಾಳಿಯನ್ನೂ ಸೇರಿಸಿ ಬೆಂಕಿಯ ನಾಲಿಗೆ ಚಾಚಿ, ಕಬ್ಬಿಣವನ್ನು ಹತ್ತಿ ಬಟ್ಟೆಯಂತೆ ಕತ್ತರಿಸುವ ಯಂತ್ರ.

ಹೆಂಡತಿ ಒಪ್ಪಿದ್ದಳು, ಒಂದು ಷರತ್ತಿನ ಮೇಲೆ. "ಅಂಗಡಿಯವ್ರು ಒಂದಿನ ನೋಡೋಕೆ ಕೊಡ್ತಾರಂತಲ್ಲ? ತನ್ನಿ. ಸಂಜೆಯೊಳಗೆ ಮನೆ ಮುಂದಿನ ಕಂಬಗಳ ಮಧ್ಯೆ ಗೇಟು ನಿಂತಿರ್ಬೇಕು. ಇಲ್ದಿದ್ರೆ ಮಷೀನು ವಾಪಸ್ಸು, ಶೆಡ್ಡು ನಂಗೆ."

ಅಂಗಡಿಗೆ ಹೊರಟರೆ ಮೇಷ್ಟ್ರೂ ಕರೆಯದೆಯೇ ಹಿಂದೆ ಬಂದರು. "ಜೀವಮಾನವೆಲ್ಲ ಫಿಸಿಕ್ಸ್ ಹೇಳಿಕೊಟ್ಟೋನು ನಾನು. ನಿನ್ನೊಬ್ಬನ್ನೇ ಬಿಟ್ರೆ ಟೋಪಿ ಹಾಕ್ತಾರೆ ಕಣಯ್ಯಾ."

ಅಂಗಡಿಯಲ್ಲಿ ಮೂರು ಯಂತ್ರಗಳಿದ್ದವು. ದೊಡ್ಡದರ ಮೇಲೆ ಮೇಷ್ಟ್ರು ಆಗಲೇ ಕೈಯಿಟ್ಟಿದ್ದರು. "ತಗೊಳ್ಳೋದು ತಗೋತೀಯ, ದೊಡ್ಡದೇ ತಗೋ. ಬೆಳೆಯೋ ಮಕ್ಕಳಿಗೆ ಹೊಲಿಸೋದಿಲ್ವೇ, ಹಾಗೆ."

"ಅದಕ್ಕೆ ತ್ರೀ ಫೇಸ್ ಕರೆಂಟು ಬೇಕು," ಎಂದ ಅಂಗಡಿಯವನು.

"ನಮ್ಮನೇಲಿ ಒಂದು ಫೇಸೇ ನೆಟ್ಟಗೆ ಬರಲ್ಲ," ಎಂದರು ಟೈಲರು.

ಎರಡನೆಯದರ ಹೊಟ್ಟೆಯಲ್ಲೇ ಗಾಳಿಯ ಪಂಪಿತ್ತು. ಟೈಲರು ಅದರ ಬೆಲೆಯ ಚೀಟಿ ಓದಿ, ತಾವು ಸ್ಕ್ರೂಡ್ರೈವರ್ ನೋಡಲು ಬಂದವರಂತೆ ಪಕ್ಕಕ್ಕೆ ತಿರುಗಿಕೊಂಡರು. ಮೂರನೆಯದು ಹೊಲಿಗೆ ಯಂತ್ರದಷ್ಟೇ ಇತ್ತು.

"ಇದು ನಿಮಗೆ ಸರಿ ಸಾರ್. ಗೀಸರ್ ಪ್ಲಗ್ಗಿಗೆ ಹಾಕಿ, ತೆಳು ತಗಡಿಗೆ ಬೆಂಕಿ ಸಣ್ಣಗೆ ಇಟ್ಕೊಂಡ್ರೆ ಆಯ್ತು. ಗಾಳಿಗೆ ಮಾತ್ರ ಕಂಪ್ರೆಸರ್ ನೀವೇ ನೋಡ್ಕೋಬೇಕು."

ಟೈಲರು ಕೊನೆಯ ಅನುಮಾನ ಕೇಳಿದರು. "ಕತ್ತರಿಸಿದ ಮೇಲೆ ಅಂಚು ಬಿಚ್ಚಿಕೊಳ್ಳಲ್ಲ ತಾನೇ?"

"ಸಾರ್, ಇದು ಕಬ್ಬಿಣ!"

"ಎಲ್ಲ ಅಂಗಡಿಯವ್ರೂ ಹೀಗೇ ಹೇಳೋದು," ಎನ್ನುತ್ತಾ ಟೈಲರು ಅದನ್ನೇ ಎತ್ತಿಕೊಂಡರು.

ಬೀದಿ ತುದಿಯ ಪಂಕ್ಚರ್ ಅಂಗಡಿಯವನು ತನ್ನ ಕಂಪ್ರೆಸರನ್ನು ತಳ್ಳಿಕೊಂಡು ಬಂದ. ಅಲ್ಲಿ ಗಾಳಿ ಹಾಕಿಸಲು ಕಾದಿದ್ದವರೂ ಸೈಕಲ್ ತಳ್ಳಿಕೊಂಡು ಅವನ ಹಿಂದೆಯೇ ಬಂದರು. ಟೈಲರ ಹಿತ್ತಲು ತುಂಬಿಹೋಯಿತು.

ಗೀಸರ್ ಪ್ಲಗ್ಗು ಕಿತ್ತ ತಕ್ಷಣ ಬಚ್ಚಲಿಂದ ಕೂಗು ಬಂತು. "ರೀ! ನೀರು ತಣ್ಣಗಾಯ್ತು! ತಲೇಲಿ ಸೋಪಿದೆ!" ಕಂಪ್ರೆಸರನ್ನೂ ಅದೇ ಮನೆಯ ಕರೆಂಟಿಗೆ ಸಿಕ್ಕಿಸಿದ್ದಕ್ಕೆ ಫ್ಯೂಸ್ ಹಾರಿತು. ಕಂಪ್ರೆಸರಿನ ವೈರನ್ನು ಕಾಂಪೌಂಡ್ ದಾಟಿಸಿ ಮೇಷ್ಟ್ರ ಮನೆಗೆ ಕೊಟ್ಟಾಯಿತು. ಆಮೇಲೂ ಕಿಡಿ ಹಾರಲಿಲ್ಲ. ಮೇಷ್ಟ್ರು ವಿದ್ಯುತ್ತಿನ ಬಗ್ಗೆ ಮೊದಲ ಪಾಠದಿಂದ ಶುರು ಮಾಡಿದರು. ಅವರು ಮೂರನೇ ಪಾಠಕ್ಕೆ ಬರುವಷ್ಟರಲ್ಲಿ ಪಂಕ್ಚರ್ ಅಂಗಡಿಯವನು, ಮರದ ಮೇಜಿನ ಕಾಲಿಗೆ ಕಚ್ಚಿಸಿದ್ದ ಅರ್ಥಿಂಗ್ ಕ್ಲಿಪ್ಪನ್ನು ತೆಗೆದು ತಗಡಿಗೆ ಕಚ್ಚಿಸಿದ.

ಸುಂಯ್ ಎಂದು ನೀಲಿ ಬೆಂಕಿ ಬಂತು! ಕಪ್ಪು ಕನ್ನಡಕದ ಹಿಂದೆ ಟೈಲರ ಮುಖ ಅರಳಿತು. ಬಟ್ಟೆಗೆ ಹಾಕುವ ಸೀಮೆಸುಣ್ಣದಲ್ಲೇ ಗೆರೆ ಹಾಕಿ, ಗೆರೆಯ ಮೇಲೆ ಬೆಂಕಿ ನಡೆಸಿ, ಗೇಟಿನ ಅಳತೆಗೆ ತಗಡು ಕತ್ತರಿಸಿ ಅದರ ತುಂಬ ಹಾರುವ ಹಕ್ಕಿಗಳ ಸಾಲು ಬಿಡಿಸಿದರು. ಇಷ್ಟು ಸುಖದ ದಿನ ಅವರಿಗೆ ಯಾವ ಕಾಲದಲ್ಲೂ ಬಂದಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಾಲ್ವರು ಗೇಟನ್ನು ಹೊತ್ತು ಕಂಬಗಳ ಮಧ್ಯೆ ಇಳಿಸಲು ಹೋದರು. ಅದು ಇಳಿಯಲಿಲ್ಲ. ಪಂಕ್ಚರ್ ಅಂಗಡಿಯವನು ಟೇಪು ಹಿಡಿದು ನೋಡಿದ.

"ಅಣ್ಣಾ, ಎರಡೂ ಕಡೆ ಒಂದೊಂದಿಂಚು ಜಾಸ್ತಿ."

"ಅದು ಹೊಲಿಗೆಗೆ ಬಿಟ್ಟಿದ್ದು," ಎಂದರು ಟೈಲರು.

ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಕೇಳಿಸಿತು. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಡತಿ ಮಾತ್ರ ಗಡಿಯಾರ ನೋಡಿದಳು. ಮಷೀನು ಕೊಟ್ಟ ಅಂಗಡಿ ಮುಚ್ಚಲು ಅರ್ಧ ಗಂಟೆಯಿತ್ತು. ಟೈಲರು ಒಂದೇ ಉಸಿರಿಗೆ ಗೇಟನ್ನು ಹಿತ್ತಲಿಗೆ ಹೊರಿಸಿ, ಕನ್ನಡಕ ಏರಿಸಿ, ಎರಡೂ ಅಂಚಿಗೆ ಬೆಂಕಿ ಹರಿಸಿದರು. ಎರಡು ಪಟ್ಟಿಗಳು ಠಣ್ ಠಣ್ ಎಂದು ಕೆಳಗೆ ಬಿದ್ದವು. ನಗುತ್ತಿದ್ದವರು ಬಗ್ಗಿ ಪಟ್ಟಿಗಳನ್ನು ನೋಡಿದರು.

"ಅರೆ! ಕಬ್ಬಿಣಾನೂ ಹಿಡೀಬಹುದು!" ಎಂದರು ಮೇಷ್ಟ್ರು.

ಈ ಸಲ ಗೇಟು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ಕೀಲಿನ ಬೋಲ್ಟು ಬಿಗಿದಾಯಿತು. ಹೆಂಡತಿ ಹಕ್ಕಿಗಳ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ರೀ. ಮಷೀನು ಇರ್ಲಿ ಬಿಡಿ," ಎಂದಳು. ಟೈಲರ ಕಣ್ಣು ತುಂಬಿ ಬಂತು. ಇನ್ನು ಹಿಡಿಯುವುದಿಲ್ಲ, ಬಿಚ್ಚುವುದಿಲ್ಲ, ಇನ್ನೇನಿದ್ದರೂ ಹೊಸದೇ! ಈ ಮಾತನ್ನು ಎಲ್ಲರೆದುರು ಹೇಳಿಬಿಡೋಣವೆಂದು ತಿರುಗಿದರೆ, ನೆರೆದಿದ್ದವರಲ್ಲಿ ಒಬ್ಬರೂ ಇರಲಿಲ್ಲ.

ಐದು ನಿಮಿಷಕ್ಕೆ ಎಲ್ಲರೂ ವಾಪಸ್ ಬಂದರು. ಪಂಕ್ಚರ್ ಅಂಗಡಿಯವನ ತಲೆ ಮೇಲೆ ಕಬ್ಬಿಣದ ಬೆಂಚು. "ಕಾಲು ಸ್ವಲ್ಪ ಉದ್ದ ಕಮ್ಮಿ ಮಾಡ್ಬೇಕಿತ್ತಣ್ಣಾ." ಒಬ್ಬನ ಕೈಯಲ್ಲಿ ಸೈಕಲ್ ಕ್ಯಾರಿಯರ್, ಇನ್ನೊಬ್ಬಳ ಕಂಕುಳಲ್ಲಿ ಕಿಟಕಿಯ ಗ್ರಿಲ್ಲು. ಎಲ್ಲರಿಗಿಂತ ಮುಂದೆ, ಕಬ್ಬಿಣದ ಕಪಾಟನ್ನು ದರದರ ಎಳೆಯುತ್ತಾ ಮೇಷ್ಟ್ರು.

ಟೈಲರು ಗೇಟಿನ ಹಕ್ಕಿಗಳತ್ತ ಕೈ ತೋರಿಸಿದರು. "ಹೊಸದು... ಹೊಸದೇನೂ ಮಾಡಿಸಲ್ವಾ ಮೇಷ್ಟ್ರೇ?"

"ಹೊಸದು ರೆಡಿಮೇಡೇ ಸಿಗುತ್ತಲ್ಲಪ್ಪಾ!"

ಹೆಂಡತಿ ಒಳಗಿನಿಂದ ಅಳತೆ ಟೇಪು ತಂದು ಗಂಡನ ಕೊರಳಿಗೆ ಹಾಕಿದಳು. ಟೈಲರು ನಿಟ್ಟುಸಿರುಬಿಟ್ಟು ಕಪಾಟಿನ ಸೊಂಟಕ್ಕೆ ಟೇಪು ಸುತ್ತಿದರು.

"ಎಷ್ಟು ಹಿಡೀಬೇಕು?"

"ಎರಡಿಂಚು ಸಾಕು," ಎಂದರು ಮೇಷ್ಟ್ರು. "ಆದ್ರೆ ಒಳಗಡೆ ಒಂಚೂರು ಬಿಟ್ಟಿರಪ್ಪಾ, ಮುಂದೆ ಬಿಚ್ಚೋಕೆ ಬೇಕಾಗುತ್ತೆ."